ಸೂಕ್ಷ್ಮ ಅರ್ಥಶಾಸ್ತ್ರದಲ್ಲಿ ಕಲನಶಾಸ್ತ್ರದ ಬಳಕೆ

ಸೂಕ್ಷ್ಮ ಅರ್ಥಶಾಸ್ತ್ರದಲ್ಲಿ ಕಲನಶಾಸ್ತ್ರವನ್ನು ಮುಖ್ಯವಾಗಿ ಅನುಕೂಲತಮ ಸಮಸ್ಯೆಗಳನ್ನು ಬಿಡಿಸಲು ಬಳಸಲಾಗುತ್ತದೆ. ಲಭ್ಯವಿರುವ ಮಿತ ಸಂಪನ್ಮೂಲಗಳಿಂದ ಅತಿ ಹೆಚ್ಚಿನ ಲಾಭ ಅಥವಾ ತುಷ್ಟಿಗುಣವನ್ನು ಪಡೆಯುವುದು, ಇಲ್ಲವೇ ನಿಗದಿತ ಉತ್ಪಾದನೆಯನ್ನು ಅತಿ ಕಡಿಮೆ ವೆಚ್ಚದಲ್ಲಿ ಸಾಧಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಅನುಕೂಲತಮ ಸಮಸ್ಯೆ ಎನ್ನುತ್ತಾರೆ. ಗ್ರಾಹಕ, ರೈತ, ಉತ್ಪಾದಕ, ವ್ಯಾಪಾರಿ ಮುಂತಾದವರ ಆಯ್ಕೆಗಳನ್ನು ಈ ರೂಪದಲ್ಲಿ ಬರೆದುಕೊಂಡು, ಆಯ್ಕೆಯ ಪ್ರಮಾಣವನ್ನು ಅತ್ಯಲ್ಪವಾಗಿ ಬದಲಿಸಿದಾಗ ಫಲವು ಎಷ್ಟು ಬದಲಾಗುತ್ತದೆ ಎಂಬುದನ್ನು ಕಲನಶಾಸ್ತ್ರದ ನೆರವಿನಿಂದ ಲೆಕ್ಕ ಹಾಕಲಾಗುತ್ತದೆ. ಅರ್ಥಶಾಸ್ತ್ರದಲ್ಲಿ ಬಳಕೆಯಲ್ಲಿರುವ ಸೀಮಾಂತ ವೆಚ್ಚ, ಸೀಮಾಂತ ಆದಾಯ, ಸೀಮಾಂತ ತುಷ್ಟಿಗುಣ ಎಂಬ ಪರಿಕಲ್ಪನೆಗಳೆಲ್ಲವೂ ಗಣಿತದ ದೃಷ್ಟಿಯಿಂದ ಅವಕಲಜಗಳೇ ಆಗಿವೆ.

ಈ ಲೇಖನದಲ್ಲಿ ವಿಧಾನದ ಮುಖ್ಯ ಹಂತಗಳನ್ನು ಕರ್ನಾಟಕದ ಚಿಕ್ಕಬಳ್ಳಾಪುರ ಜಿಲ್ಲೆಯ ಕೃಷಿ ಮತ್ತು ರೇಷ್ಮೆ ಉದ್ಯಮದ ಉದಾಹರಣೆಗಳ ಮೂಲಕ ವಿವರಿಸಲಾಗಿದೆ. ಉದಾಹರಣೆಗಳಲ್ಲಿನ ರೂಪಾಯಿ ಮತ್ತು ಗಂಟೆಗಳ ಅಂಕಿಗಳು ಲೆಕ್ಕದ ವಿಧಾನವನ್ನು ತೋರಿಸಲು ಊಹಿಸಿಕೊಂಡವು. ಅವು ಸಮೀಕ್ಷೆಯ ಅಂಕಿಗಳಲ್ಲ.

## ಇತಿಹಾಸ

ಗರಿಷ್ಠ ಮತ್ತು ಕನಿಷ್ಠ ಬೆಲೆಗಳನ್ನು ಕಂಡುಹಿಡಿಯುವ ವಿಧಾನವೊಂದನ್ನು ಫ್ರಾನ್ಸಿನ ಗಣಿತಜ್ಞ ಪಿಯರ್ ದ ಫರ್ಮಾ 17ನೆಯ ಶತಮಾನದ ಪೂರ್ವಾರ್ಧದಲ್ಲಿ ರೂಪಿಸಿದ್ದನು. ಅದೇ ಶತಮಾನದ ಉತ್ತರಾರ್ಧದಲ್ಲಿ ನ್ಯೂಟನ್ ಮತ್ತು ಲೈಬ್ನಿಟ್ಸ್ ಕಲನಶಾಸ್ತ್ರವನ್ನು ಸಮಗ್ರ ಶಾಸ್ತ್ರವಾಗಿ ಬೆಳೆಸಿದರು. 18ನೆಯ ಶತಮಾನದಲ್ಲಿ ಲಗ್ರಾಂಜ್, ನಿರ್ಬಂಧಗಳಿರುವ ಸಮಸ್ಯೆಗಳನ್ನು ಬಿಡಿಸುವ ಗುಣಕ ವಿಧಾನವನ್ನು ನೀಡಿದನು.

ಅರ್ಥಶಾಸ್ತ್ರಕ್ಕೆ ಈ ವಿಧಾನಗಳನ್ನು ವ್ಯವಸ್ಥಿತವಾಗಿ ತಂದವರಲ್ಲಿ ಫ್ರಾನ್ಸಿನ ಆಂತ್ವಾನ್ ಆಗಸ್ಟಿನ್ ಕೂರ್ನೊ ಮೊದಲಿಗರಲ್ಲಿ ಒಬ್ಬನು. 1838ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಆರಿಸಿಕೊಂಡ ಉದಾಹರಣೆ ನೀರಿನದೇ ಆಗಿತ್ತು. ಖನಿಜಯುಕ್ತ ನೀರಿನ ಚಿಲುಮೆಯೊಂದರ ಒಡೆಯನು, ನೀರು ತೆಗೆಯಲು ಖರ್ಚೇ ಇಲ್ಲದಿದ್ದಾಗ, ಯಾವ ಬೆಲೆಗೆ ಮಾರಿದರೆ ಅವನ ಆದಾಯ ಗರಿಷ್ಠವಾಗುತ್ತದೆ ಎಂಬುದನ್ನು ಕೂರ್ನೊ ಅವಕಲನದ ಮೂಲಕ ಕಂಡುಹಿಡಿದನು. 1870ರ ದಶಕದಲ್ಲಿ ಜೆವನ್ಸ್ ಮತ್ತು ವಾಲ್ರಾ ಸೀಮಾಂತ ವಿಶ್ಲೇಷಣೆಗೆ ಗಣಿತದ ರೂಪ ಕೊಟ್ಟರು. 1890ರಲ್ಲಿ ಆಲ್ಫ್ರೆಡ್ ಮಾರ್ಷಲ್ ತನ್ನ ಪ್ರಸಿದ್ಧ ಗ್ರಂಥದಲ್ಲಿ ಗಣಿತವನ್ನು ಅನುಬಂಧಕ್ಕೆ ಸರಿಸಿ, ವಿವರಣೆಯನ್ನು ಮಾತಿನಲ್ಲಿ ನೀಡಿದನು. 1947ರಲ್ಲಿ ಪ್ರಕಟವಾದ ಪಾಲ್ ಸ್ಯಾಮ್ಯುಯೆಲ್ಸನ್‌ನ ಗ್ರಂಥದ ನಂತರ ಕಲನಶಾಸ್ತ್ರವು ಅರ್ಥಶಾಸ್ತ್ರದ ಉನ್ನತ ಶಿಕ್ಷಣದ ಸಾಮಾನ್ಯ ಭಾಷೆಯಾಯಿತು. ಪ್ರಮಾಣಗಳು ಒಂದು ಮಿತಿಗಿಂತ ಹೆಚ್ಚಿರಬಾರದು ಅಥವಾ ಶೂನ್ಯಕ್ಕಿಂತ ಕಡಿಮೆಯಿರಬಾರದು ಎಂಬಂತಹ ನಿರ್ಬಂಧಗಳಿಗೆ ಅನ್ವಯಿಸುವ ಷರತ್ತುಗಳನ್ನು ಕರುಷ್ 1939ರಲ್ಲಿಯೂ, ಕುನ್ ಮತ್ತು ಟಕರ್ 1951ರಲ್ಲಿಯೂ ನಿರೂಪಿಸಿದರು.

## ಉದಾಹರಣೆಗಳ ಹಿನ್ನೆಲೆ

ಚಿಕ್ಕಬಳ್ಳಾಪುರ ಜಿಲ್ಲೆಯು 2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ನದಿಗಳು ಈ ಭಾಗದಲ್ಲಿಯೇ ಹುಟ್ಟಿದರೂ ವರ್ಷವಿಡೀ ಹರಿಯುವ ನದಿ ಜಿಲ್ಲೆಯಲ್ಲಿ ಇಲ್ಲ. ಹಿಂದೆ ಕೆರೆಗಳನ್ನು ಮತ್ತು ತೆರೆದ ಬಾವಿಗಳನ್ನು ಆಶ್ರಯಿಸಿದ್ದ ನೀರಾವರಿ ಈಗ ಬಹುಮಟ್ಟಿಗೆ ಕೊಳವೆಬಾವಿಗಳನ್ನು ಅವಲಂಬಿಸಿದೆ. ಶಿಡ್ಲಘಟ್ಟವು ರೇಷ್ಮೆ ಗೂಡಿನ ಮಾರುಕಟ್ಟೆಗೆ ಮತ್ತು ನೂಲು ಬಿಚ್ಚಾಣಿಕೆಗೆ, ಚಿಂತಾಮಣಿಯು ಟೊಮೆಟೊ ವಹಿವಾಟಿಗೆ, ಚಿಕ್ಕಬಳ್ಳಾಪುರವು ದ್ರಾಕ್ಷಿ ಮತ್ತು ಹೂವಿನ ಬೆಳೆಗೆ, ಗೌರಿಬಿದನೂರು ಮುಸುಕಿನ ಜೋಳಕ್ಕೆ ಹೆಸರಾಗಿವೆ. ಕೇಂದ್ರ ಅಂತರ್ಜಲ ಮಂಡಳಿಯ ಮೌಲ್ಯಮಾಪನದಲ್ಲಿ ಒಂದು ವರ್ಷದಲ್ಲಿ ಇಂಗುವ ನೀರಿಗಿಂತ ಹೊರತೆಗೆಯುವ ನೀರು ಹೆಚ್ಚಾಗಿದ್ದರೆ, ಅಂದರೆ ಬಳಕೆಯ ಮಟ್ಟ ಶೇ. 100ನ್ನು ಮೀರಿದರೆ, ಆ ಪ್ರದೇಶವನ್ನು ಅತಿಬಳಕೆಯ ಪ್ರದೇಶ ಎಂದು ವರ್ಗೀಕರಿಸಲಾಗುತ್ತದೆ. ಈ ನಾಲ್ಕೂ ತಾಲ್ಲೂಕುಗಳು ಆ ವರ್ಗದಲ್ಲಿ ಗುರುತಿಸಲ್ಪಟ್ಟಿವೆ.

## ಗಣಿತದ ತಳಹದಿ

ಒಂದು ಪರಿಮಾಣವು ಮತ್ತೊಂದನ್ನು ಅವಲಂಬಿಸಿರುವ ಬಗೆಯನ್ನು ಬಿಂಬಕ ಎನ್ನುತ್ತಾರೆ. ಒಂದು ಬೆಳೆಗೆ ಹಂಗಾಮಿನಲ್ಲಿ ‘ಗ’ ಗಂಟೆಗಳ ಕಾಲ ಪಂಪ್‌ಸೆಟ್ ನಡೆಸಿ ನೀರು ಹಾಯಿಸಿದಾಗ ದೊರೆಯುವ ಆದಾಯವನ್ನು ಆ(ಗ) ಎಂದು ಸೂಚಿಸಿದರೆ ಅದು ‘ಗ’ದ ಬಿಂಬಕ. ‘ಗ’ವನ್ನು ಅತ್ಯಲ್ಪವಾಗಿ ಹೆಚ್ಚಿಸಿದಾಗ ಆದಾಯದಲ್ಲಿ ಆಗುವ ಬದಲಾವಣೆಯ ದರವೇ ಅದರ ಅವಕಲಜ; ಇದನ್ನು ಆ′(ಗ) ಎಂದು ಬರೆಯುತ್ತಾರೆ. ಅರ್ಥಶಾಸ್ತ್ರದ ಭಾಷೆಯಲ್ಲಿ ಇದು ನೀರಿನ ಸೀಮಾಂತ ಆದಾಯ, ಅಂದರೆ ಕೊನೆಯ ಗಂಟೆಯ ನೀರು ತಂದುಕೊಡುವ ಹೆಚ್ಚುವರಿ ಹಣ.

ಬೆಳೆಗೆ ಮೊದಮೊದಲು ಹಾಯಿಸುವ ನೀರು ಹೆಚ್ಚು ಫಲ ಕೊಡುತ್ತದೆ. ನಂತರದ ನೀರಿನ ಫಲ ಕ್ರಮೇಣ ಇಳಿಯುತ್ತದೆ. ಇದು ಇಳಿಮುಖ ಪ್ರತಿಫಲ ನಿಯಮ. ಈ ನಡವಳಿಕೆಯನ್ನು ಕೆಳಗಿನ ಸರಳ ಬಿಂಬಕದಿಂದ ತೋರಿಸಬಹುದು:

ಆ(ಗ) = 600ಗ − 3ಗ²

ಇದರ ಅವಕಲಜ ಆ′(ಗ) = 600 − 6ಗ. ಮೊದಲ ಗಂಟೆಯ ನೀರು ಸುಮಾರು 600 ರೂಪಾಯಿ ಆದಾಯ ತಂದರೆ, 50 ಗಂಟೆಗಳ ನಂತರ ಇನ್ನೊಂದು ಗಂಟೆಯ ನೀರು ಸುಮಾರು 300 ರೂಪಾಯಿಯನ್ನಷ್ಟೇ ತರುತ್ತದೆ. 100ನೆಯ ಗಂಟೆಯಲ್ಲಿ ಅದು ಶೂನ್ಯಕ್ಕೆ ಇಳಿಯುತ್ತದೆ.

### ಮೊದಲನೆಯ ಮತ್ತು ಎರಡನೆಯ ಷರತ್ತು

ಒಂದು ಬಿಂಬಕವು ಗರಿಷ್ಠವಾಗುವ ಬಿಂದುವಿನಲ್ಲಿ ಅದರ ಅವಕಲಜ ಶೂನ್ಯವಾಗಿರಬೇಕು. ಅವಕಲಜ ಧನಾತ್ಮಕವಾಗಿದ್ದರೆ ಪ್ರಮಾಣವನ್ನು ಹೆಚ್ಚಿಸುವುದರಿಂದಲೂ, ಋಣಾತ್ಮಕವಾಗಿದ್ದರೆ ಕಡಿಮೆ ಮಾಡುವುದರಿಂದಲೂ ಫಲ ಹೆಚ್ಚುತ್ತದೆ. ಎರಡೂ ಸಂದರ್ಭಗಳಲ್ಲಿ ಆ ಬಿಂದು ಗರಿಷ್ಠವಲ್ಲ. ಇದು ಮೊದಲನೆಯ ಷರತ್ತು. ಕನಿಷ್ಠ ಬಿಂದುವಿನಲ್ಲಿಯೂ ಅವಕಲಜ ಶೂನ್ಯವಾಗಿರುವುದರಿಂದ, ಅವಕಲಜದ ಅವಕಲಜವು ಋಣಾತ್ಮಕವಾಗಿದೆಯೇ ಎಂಬುದನ್ನೂ ನೋಡಬೇಕು. ಇದು ಎರಡನೆಯ ಷರತ್ತು. ಮೇಲಿನ ಉದಾಹರಣೆಯಲ್ಲಿ ಎರಡನೆಯ ಅವಕಲಜ −6 ಆಗಿರುವುದರಿಂದ ದೊರೆಯುವ ಬಿಂದು ಗರಿಷ್ಠವೇ ಆಗಿರುತ್ತದೆ.

ಲಾಭವು ಆದಾಯ ಮತ್ತು ವೆಚ್ಚಗಳ ವ್ಯತ್ಯಾಸ. ಆದ್ದರಿಂದ ಲಾಭದ ಅವಕಲಜ ಶೂನ್ಯವಾಗುವುದೆಂದರೆ ಸೀಮಾಂತ ಆದಾಯವು ಸೀಮಾಂತ ವೆಚ್ಚಕ್ಕೆ ಸಮನಾಗುವುದು ಎಂದೇ ಅರ್ಥ. ನೀರಿನ ಒಂದು ಗಂಟೆಯ ನಿಜವಾದ ವೆಚ್ಚ 120 ರೂಪಾಯಿ ಎಂದು ಇಟ್ಟುಕೊಂಡರೆ, 600 − 6ಗ = 120 ಎಂಬ ಸಮೀಕರಣದಿಂದ ಗ = 80 ಎಂದು ದೊರೆಯುತ್ತದೆ. ಆಗ ಆದಾಯ 28,800, ವೆಚ್ಚ 9,600, ಲಾಭ 19,200 ರೂಪಾಯಿ.

### ಬೆಲೆ ಶೂನ್ಯವಾದಾಗ

ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ 2008ರಿಂದ ಉಚಿತ ವಿದ್ಯುತ್ ನೀಡಲಾಗುತ್ತಿದೆ. ಕೊಳವೆಬಾವಿ ಕೊರೆಸಿ ಪಂಪ್ ಇಳಿಸಿದ ಮೇಲೆ ಇನ್ನೊಂದು ಗಂಟೆ ನೀರೆತ್ತಲು ರೈತನ ಕೈಯಿಂದ ಹೆಚ್ಚೇನೂ ಖರ್ಚಾಗುವುದಿಲ್ಲ. ಆದ್ದರಿಂದ ಅವನ ಪಾಲಿಗೆ ಸೀಮಾಂತ ವೆಚ್ಚ ಶೂನ್ಯ. ಅವನ ಸಮೀಕರಣ 600 − 6ಗ = 0; ಉತ್ತರ 100 ಗಂಟೆ. ಈಗ ಆದಾಯ 30,000 ರೂಪಾಯಿ. ಆದರೆ ನಿಜವಾದ ವೆಚ್ಚವನ್ನು ಲೆಕ್ಕಕ್ಕೆ ಹಿಡಿದರೆ 12,000 ರೂಪಾಯಿ ಕಳೆದು ಉಳಿಯುವುದು 18,000. ಅಂದರೆ ಕೊನೆಯ 20 ಗಂಟೆಗಳಲ್ಲಿ 2,400 ರೂಪಾಯಿ ಬೆಲೆಯ ನೀರನ್ನು ಬಳಸಿ 1,200 ರೂಪಾಯಿ ಆದಾಯ ಗಳಿಸಿದಂತಾಗುತ್ತದೆ.

ಇಲ್ಲಿ ರೈತನ ಲೆಕ್ಕದಲ್ಲಿ ತಪ್ಪಿಲ್ಲ. ತನ್ನ ಮುಂದಿರುವ ಬೆಲೆಗೆ ಅವನು ಆರಿಸಿಕೊಂಡ ಪ್ರಮಾಣ ಸರಿಯಾಗಿಯೇ ಇದೆ; ಆ ಬೆಲೆಯು ನೀರಿನ ಕೊರತೆಯನ್ನು ಹೇಳುತ್ತಿಲ್ಲ. ಅನುಕೂಲತಮ ಸಮಸ್ಯೆಯ ಉತ್ತರವು ಅದಕ್ಕೆ ಒದಗಿಸಿದ ಬೆಲೆಗಳನ್ನು ಅವಲಂಬಿಸಿರುತ್ತದೆ ಎಂಬುದು ಈ ವಿಧಾನದ ಮುಖ್ಯ ಪಾಠಗಳಲ್ಲಿ ಒಂದು.

## ನಿರ್ಬಂಧವಿರುವ ಸಮಸ್ಯೆಗಳು

ಅನೇಕ ಸಂದರ್ಭಗಳಲ್ಲಿ ಸಂಪನ್ಮೂಲದ ಒಟ್ಟು ಪ್ರಮಾಣವೇ ನಿಗದಿಯಾಗಿರುತ್ತದೆ. ಬೇಸಿಗೆಯಲ್ಲಿ ಕೊಳವೆಬಾವಿಯ ಇಳುವರಿ ಇಳಿದು ಒಟ್ಟು 100 ಗಂಟೆಗಳ ನೀರು ಮಾತ್ರ ಸಿಗುವ ರೈತನೊಬ್ಬನಿಗೆ ಹಿಪ್ಪುನೇರಳೆ ತೋಟವೂ ಮುಸುಕಿನ ಜೋಳದ ಹೊಲವೂ ಇವೆ ಎಂದುಕೊಳ್ಳಬಹುದು. ಹಿಪ್ಪುನೇರಳೆಗೆ ‘ಹ’ ಗಂಟೆ, ಜೋಳಕ್ಕೆ ‘ಜ’ ಗಂಟೆ ನೀರು ಕೊಟ್ಟರೆ ಆದಾಯಗಳು ಕ್ರಮವಾಗಿ 600ಹ − 3ಹ² ಮತ್ತು 400ಜ − 2ಜ² ಆಗಿರಲಿ. ನಿರ್ಬಂಧ: ಹ + ಜ = 100.

ಲಗ್ರಾಂಜ್ ವಿಧಾನದಲ್ಲಿ ನಿರ್ಬಂಧವನ್ನು ‘ಲ’ ಎಂಬ ಗುಣಕದೊಡನೆ ಮೂಲ ಬಿಂಬಕಕ್ಕೆ ಸೇರಿಸಲಾಗುತ್ತದೆ:

600ಹ − 3ಹ² + 400ಜ − 2ಜ² + ಲ(100 − ಹ − ಜ)

ಒಂದು ಚರವನ್ನು ಮಾತ್ರ ಬದಲಿಸಿ ಉಳಿದವನ್ನು ಸ್ಥಿರವಾಗಿಟ್ಟು ಪಡೆಯುವ ಅವಕಲಜವನ್ನು ಭಾಗಶಃ ಅವಕಲಜ ಎನ್ನುತ್ತಾರೆ. ‘ಹ’ ಮತ್ತು ‘ಜ’ಗಳಿಗೆ ಸಂಬಂಧಿಸಿದ ಭಾಗಶಃ ಅವಕಲಜಗಳನ್ನು ಶೂನ್ಯಕ್ಕೆ ಸಮೀಕರಿಸಿದರೆ 600 − 6ಹ = ಲ ಮತ್ತು 400 − 4ಜ = ಲ ಎಂಬ ಎರಡು ಸಮೀಕರಣಗಳು ದೊರೆಯುತ್ತವೆ. ನಿರ್ಬಂಧದೊಡನೆ ಇವನ್ನು ಬಿಡಿಸಿದಾಗ ಹ = 60, ಜ = 40, ಲ = 240. ಒಟ್ಟು ಆದಾಯ 38,000 ರೂಪಾಯಿ. ಎರಡೂ ಬೆಳೆಗಳಿಗೆ ನೀರನ್ನು ಸಮನಾಗಿ 50 ಗಂಟೆಗಳಂತೆ ಹಂಚಿದ್ದರೆ 37,500 ರೂಪಾಯಿ ಬರುತ್ತಿತ್ತು. ನೀರಿನ ಪ್ರಮಾಣಗಳು ಸಮವಾಗಬೇಕಾಗಿಲ್ಲ. ಕೊನೆಯ ಗಂಟೆಯ ಫಲ ಎರಡೂ ಕಡೆ ಸಮವಾಗಬೇಕು ಎಂಬುದು ಇದರ ತಾತ್ಪರ್ಯ. ಗ್ರಾಹಕನು ತನ್ನ ವರಮಾನವನ್ನು ಸರಕುಗಳ ನಡುವೆ ಹಂಚುವಾಗ ಅನ್ವಯಿಸುವ ಸಮಸೀಮಾಂತ ತುಷ್ಟಿಗುಣ ನಿಯಮವೂ ಇದೇ ರೂಪದ್ದಾಗಿದೆ.

ಗುಣಕ ‘ಲ’ಗೆ ಸ್ವತಂತ್ರವಾದ ಅರ್ಥವಿದೆ. ನಿರ್ಬಂಧವನ್ನು ಒಂದು ಗಂಟೆಯಷ್ಟು ಸಡಿಲಿಸಿದರೆ ಒಟ್ಟು ಆದಾಯ ಸುಮಾರು ಎಷ್ಟು ಹೆಚ್ಚುತ್ತದೆ ಎಂಬುದನ್ನು ಅದು ತಿಳಿಸುತ್ತದೆ. ಇದನ್ನು ನೆರಳು ಬೆಲೆ ಎಂದು ಕರೆಯಲಾಗುತ್ತದೆ. ಮಾರುಕಟ್ಟೆಯಲ್ಲಿ ನೀರಿಗೆ ಬೆಲೆಯೇ ಇಲ್ಲದಿದ್ದರೂ ಈ ರೈತನ ಪಾಲಿಗೆ ಅದರ ಬೆಲೆ ಗಂಟೆಗೆ 240 ರೂಪಾಯಿ. ಅಷ್ಟೇ ನೀರನ್ನು ಟ್ಯಾಂಕರಿನಲ್ಲಿ ತರಿಸಲು 240ಕ್ಕಿಂತ ಹೆಚ್ಚು ಖರ್ಚಾಗುವುದಾದರೆ ತರಿಸುವುದು ನಷ್ಟ. ಹನಿ ನೀರಾವರಿಯಿಂದ ಎಷ್ಟು ಉಳಿತಾಯವಾದೀತು ಎಂಬುದನ್ನು ಅಳೆಯಲೂ ಈ ಬೆಲೆಯನ್ನೇ ಬಳಸಬಹುದು.

## ಅಂಚಿನ ಪರಿಹಾರ: ಟೊಮೆಟೊ ಕೊಯ್ಲು

ಅವಕಲಜವು ಎಲ್ಲಿಯೂ ಶೂನ್ಯವಾಗದ ಸಮಸ್ಯೆಗಳೂ ಇವೆ. ಅಂತಹ ಸಂದರ್ಭದಲ್ಲಿ ಗರಿಷ್ಠ ಬಿಂದುವು ಸಾಧ್ಯ ಪ್ರಮಾಣಗಳ ಅಂಚಿನಲ್ಲಿ ಇರುತ್ತದೆ. ಚಿಂತಾಮಣಿ ಮತ್ತು ಕೋಲಾರದ ಮಾರುಕಟ್ಟೆಗಳಿಗೆ ಟೊಮೆಟೊ ಬಾಕ್ಸ್‌ಗಳಲ್ಲಿ ಬರುತ್ತದೆ. ಬಾಕ್ಸ್ ಒಂದರ ಬೆಲೆ ‘ಬ’, ಅದನ್ನು ಬಿಡಿಸಿ, ತುಂಬಿ, ಸಾಗಿಸಿ, ಮಾರುವ ವೆಚ್ಚ ‘ವ’, ಈಗಾಗಲೇ ಸಸಿ, ಗೊಬ್ಬರ, ಔಷಧ, ಊರುಗೋಲು, ಕೂಲಿಗಳಿಗೆ ಮಾಡಿರುವ ಖರ್ಚು ‘ಮ’ ಎಂದಿರಲಿ. ‘ಟ’ ಬಾಕ್ಸ್‌ಗಳನ್ನು ಮಾರಿದರೆ ಲಾಭ (ಬ − ವ)ಟ − ಮ.

‘ಟ’ಗೆ ಸಂಬಂಧಿಸಿದ ಅವಕಲಜ ಬ − ವ. ಇದು ಸ್ಥಿರ ಸಂಖ್ಯೆ. ಬೆಲೆಯು ವೆಚ್ಚಕ್ಕಿಂತ ಹೆಚ್ಚಾಗಿದ್ದರೆ ಹೊಲದಲ್ಲಿರುವುದನ್ನೆಲ್ಲ ಕೊಯ್ಯುವುದು, ಕಡಿಮೆಯಿದ್ದರೆ ಏನನ್ನೂ ಕೊಯ್ಯದಿರುವುದು ಅನುಕೂಲತಮ. ಬಿಡಿಸಿ ಸಾಗಿಸಲು 45 ರೂಪಾಯಿ ಬೇಕಾಗಿ, ಬಾಕ್ಸ್‌ಗೆ 36 ರೂಪಾಯಿ ಮಾತ್ರ ಸಿಗುವ ದಿನ ಪ್ರತಿ ಬಾಕ್ಸ್‌ಗೆ 9 ರೂಪಾಯಿ ನಷ್ಟ. ಬೆಲೆ ಕುಸಿದಾಗ ಹಣ್ಣನ್ನು ಗಿಡದಲ್ಲಿಯೇ ಬಿಡುವ ಅಥವಾ ಬೆಳೆಗೆ ಕುರಿ ಹಾಯಿಸುವ ರೈತನ ನಿರ್ಧಾರವನ್ನು ಹತಾಶೆಯ ಕೃತ್ಯವೆಂದಷ್ಟೇ ನೋಡುವುದು ಆದ್ದರಿಂದ ಸರಿಯಾಗುವುದಿಲ್ಲ. ಅದು ಈ ಸಮಸ್ಯೆಯ ಸರಿಯಾದ ಉತ್ತರವೂ ಹೌದು.

ಈ ಲೆಕ್ಕದಲ್ಲಿ ‘ಮ’ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ, ಏಕೆಂದರೆ ಸ್ಥಿರಾಂಕದ ಅವಕಲಜ ಶೂನ್ಯ. ಈಗಾಗಲೇ ಮಾಡಿ ಮುಗಿದ, ಮರಳಿ ಪಡೆಯಲಾಗದ ಖರ್ಚನ್ನು ಮುಳುಗಿದ ವೆಚ್ಚ ಎನ್ನುತ್ತಾರೆ. ಅದು ಇಂದಿನ ಕೊಯ್ಲಿನ ನಿರ್ಧಾರವನ್ನು ಬದಲಿಸಬಾರದು ಎಂಬ ನಿಯಮವು ಹೀಗೆ ಅವಕಲನದಿಂದಲೇ ಹೊರಡುತ್ತದೆ. ಆದರೆ ಅದು ರೈತನ ಸಾಲದ ಹೊರೆಯನ್ನು ಕಡಿಮೆ ಮಾಡುವುದಿಲ್ಲ. ಮುಂದಿನ ಹಂಗಾಮಿನಲ್ಲಿ ಟೊಮೆಟೊ ನಾಟಿ ಮಾಡಬೇಕೇ ಎಂಬ ಪ್ರಶ್ನೆ ಎದ್ದಾಗ ಅದೇ ಖರ್ಚು ಮತ್ತೆ ಲೆಕ್ಕಕ್ಕೆ ಬರುತ್ತದೆ, ಏಕೆಂದರೆ ಆಗ ಅದು ಇನ್ನೂ ಮಾಡದಿರುವ ವೆಚ್ಚ.

## ಸಣ್ಣ ಬದಲಾವಣೆಯ ಅಳತೆ: ಶಿಡ್ಲಘಟ್ಟದ ರೇಷ್ಮೆ ಗೂಡು

ಕರ್ನಾಟಕದಲ್ಲಿ ರೇಷ್ಮೆ ಗೂಡಿನ ವಹಿವಾಟು 1959ರ ಕಾಯ್ದೆಯ ಅಡಿಯಲ್ಲಿ ಸರ್ಕಾರಿ ಮಾರುಕಟ್ಟೆಗಳಲ್ಲಿ ಹರಾಜಿನ ಮೂಲಕ ನಡೆಯುತ್ತದೆ. ಶಿಡ್ಲಘಟ್ಟದ ಮಾರುಕಟ್ಟೆಯು ರಾಮನಗರದ ಮಾರುಕಟ್ಟೆಯೊಂದಿಗೆ ರಾಜ್ಯದ ಅತಿ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲಿ ಒಂದು. ಹರಾಜಿನಲ್ಲಿ ಕೂಗುವ ರೀಲರನಿಗೆ ಮುಖ್ಯವಾದ ಅಂಕಿ ರೆಂಡಿಟ್ಟಾ. ಒಂದು ಕಿಲೋಗ್ರಾಂ ಕಚ್ಚಾ ರೇಷ್ಮೆ ನೂಲು ತೆಗೆಯಲು ಎಷ್ಟು ಕಿಲೋಗ್ರಾಂ ಗೂಡು ಬೇಕು ಎಂಬುದೇ ರೆಂಡಿಟ್ಟಾ; ಅದು ಕಡಿಮೆಯಾದಷ್ಟೂ ಗೂಡಿನ ಗುಣಮಟ್ಟ ಉತ್ತಮ.

ಒಂದು ಕಿಲೋಗ್ರಾಂ ನೂಲಿನ ಬೆಲೆಯಲ್ಲಿ ಕೂಲಿ, ಉರುವಲು ಮೊದಲಾದ ಬಿಚ್ಚಾಣಿಕೆಯ ವೆಚ್ಚವನ್ನು ಕಳೆದು 4,200 ರೂಪಾಯಿ ಉಳಿಯುತ್ತದೆ, ರೆಂಡಿಟ್ಟಾ ‘ರ’ ಎಂದುಕೊಂಡರೆ, ಒಂದು ಕಿಲೋಗ್ರಾಂ ಗೂಡಿಗೆ ರೀಲರನು ನಷ್ಟವಿಲ್ಲದೆ ಕೊಡಬಹುದಾದ ಗರಿಷ್ಠ ಬೆಲೆ 4,200 ÷ ರ. ರೆಂಡಿಟ್ಟಾ 7 ಆಗಿದ್ದರೆ ಇದು 600 ರೂಪಾಯಿ. ಈ ಬಿಂಬಕದ ಅವಕಲಜ −4,200 ÷ ರ²; ರ = 7 ಆದಾಗ ಸುಮಾರು −85.7. ಅಂದರೆ ರೆಂಡಿಟ್ಟಾ 0.1ರಷ್ಟು ಉತ್ತಮಗೊಂಡರೆ ಗೂಡಿನ ಬೆಲೆಗೆ ಕಿಲೋಗ್ರಾಂಗೆ ಸುಮಾರು 8.6 ರೂಪಾಯಿ ಹೆಚ್ಚು ಕೊಡಬಹುದು. ನೇರವಾಗಿ ಲೆಕ್ಕ ಹಾಕಿದರೆ 6.9ಕ್ಕೆ ಬರುವ ಬೆಲೆ 608.7 ರೂಪಾಯಿ; ಅಂದಾಜು ಬಹುತೇಕ ಸರಿಯಾಗಿದೆ. ಆದರೆ ರೆಂಡಿಟ್ಟಾ 7ರಿಂದ 6ಕ್ಕೆ ಇಳಿದಾಗ ನಿಜವಾದ ಏರಿಕೆ 100 ರೂಪಾಯಿ, 85.7 ಅಲ್ಲ. ಅವಕಲಜವು ಸಣ್ಣ ಹೆಜ್ಜೆಗಳಿಗೆ ಮಾತ್ರ ನಂಬಬಹುದಾದ ಅಳತೆ ಎಂಬುದನ್ನು ಈ ವ್ಯತ್ಯಾಸ ತೋರಿಸುತ್ತದೆ.

### ಖರೀದಿದಾರರ ಸಂಖ್ಯೆ ಮತ್ತು ಬೆಲೆ

ಮೇಲಿನದು ಕೊಡಬಹುದಾದ ಗರಿಷ್ಠ ಬೆಲೆ. ರೈತನಿಗೆ ಆ ಬೆಲೆ ದೊರೆಯುವುದೇ ಎಂಬುದು ಎಷ್ಟು ಜನ ರೀಲರುಗಳು ಪೈಪೋಟಿಯಿಂದ ಕೂಗುತ್ತಾರೆ ಎಂಬುದನ್ನು ಅವಲಂಬಿಸಿದೆ. ‘ಕ’ ಕಿಲೋಗ್ರಾಂ ಗೂಡನ್ನು ಮಾರುಕಟ್ಟೆಗೆ ತರಿಸಲು ಕೊಡಬೇಕಾದ ಬೆಲೆ 300 + ಕ ರೂಪಾಯಿ ಎಂದಿರಲಿ. ಖರೀದಿದಾರರು ಹಲವರಿದ್ದರೆ ಪೈಪೋಟಿಯಿಂದ ಬೆಲೆ 600 ರೂಪಾಯಿಗೆ ಏರಿ 300 ಕಿಲೋಗ್ರಾಂ ಮಾರಾಟವಾಗುತ್ತದೆ. ಖರೀದಿದಾರನು ಒಬ್ಬನೇ ಆಗಿದ್ದರೆ ಅವನು ತನ್ನ ಒಟ್ಟು ಖರ್ಚಾದ (300 + ಕ)ಕ ಎಂಬುದರ ಅವಕಲಜವನ್ನು ನೋಡುತ್ತಾನೆ. ಅದು 300 + 2ಕ. ಇದನ್ನು 600ಕ್ಕೆ ಸಮೀಕರಿಸಿದರೆ ಕ = 150; ಅವನು ಕೊಡುವ ಬೆಲೆ 450 ರೂಪಾಯಿ. ಇನ್ನೊಂದು ಕಿಲೋಗ್ರಾಂ ಕೊಳ್ಳಲು ಬೆಲೆ ಏರಿಸಿದರೆ ಹಿಂದಿನ ಎಲ್ಲ ಕಿಲೋಗ್ರಾಂಗಳಿಗೂ ಆ ಬೆಲೆಯನ್ನೇ ಕೊಡಬೇಕಾಗುವುದರಿಂದ ಅವನು ಖರೀದಿಯನ್ನೇ ತಗ್ಗಿಸುತ್ತಾನೆ.

ಗೂಡನ್ನು ಹೆಚ್ಚು ದಿನ ಇಟ್ಟುಕೊಳ್ಳುವಂತಿಲ್ಲ. ಒಳಗಿನ ಕೋಶವು ಪತಂಗವಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬಂದರೆ ಎಳೆ ತುಂಡಾಗಿ, ನೂಲು ಬಿಚ್ಚಲು ಬರುವುದಿಲ್ಲ. ಮಾರುಕಟ್ಟೆಗೆ ತಂದ ಗೂಡನ್ನು ಬೆಲೆ ಕಡಿಮೆಯೆಂದು ಹಿಂದಕ್ಕೆ ಒಯ್ಯುವುದು ರೈತನಿಗೆ ಕಷ್ಟವಾದ್ದರಿಂದ ಬಹಿರಂಗ ಹರಾಜಿಗೂ ರೀಲರುಗಳ ಸಂಖ್ಯೆಗೂ ಇಲ್ಲಿ ವಿಶೇಷ ಮಹತ್ವವಿದೆ.

## ಬಾಹ್ಯ ಪರಿಣಾಮ: ಹಂಚಿಕೊಂಡ ಅಂತರ್ಜಲ

ಒಬ್ಬನ ನಿರ್ಧಾರದ ವೆಚ್ಚ ಅಥವಾ ಲಾಭವು ಬೆಲೆಯ ಮೂಲಕವಲ್ಲದೆ ಇತರರ ಮೇಲೆ ಬೀಳುವುದನ್ನು ಬಾಹ್ಯ ಪರಿಣಾಮ ಎನ್ನುತ್ತಾರೆ. ಚಿಕ್ಕಬಳ್ಳಾಪುರ ಜಿಲ್ಲೆಯ ನೆಲದಡಿ ಇರುವುದು ಗ್ರಾನೈಟ್ ಮತ್ತು ನೈಸ್‌ನಂತಹ ಗಟ್ಟಿ ಶಿಲೆ. ನೀರು ಶಿಥಿಲಗೊಂಡ ಮೇಲುಪದರದಲ್ಲಿಯೂ ಬಂಡೆಯ ಬಿರುಕುಗಳಲ್ಲಿಯೂ ಮಾತ್ರ ನಿಲ್ಲುತ್ತದೆ. ಒಂದೇ ಬಿರುಕಿನ ಜಾಲಕ್ಕೆ ತಗುಲಿದ ಕೊಳವೆಬಾವಿಗಳಲ್ಲಿ ಒಂದರಿಂದ ನೀರೆತ್ತಿದರೆ ಇನ್ನೊಂದರ ಇಳುವರಿ ಇಳಿಯಬಹುದು.

ಹಿಂದಿನ ಉದಾಹರಣೆಯಲ್ಲಿ ಒಂದು ಗಂಟೆ ನೀರೆತ್ತುವುದರ ನಿಜವಾದ ವೆಚ್ಚ 120 ರೂಪಾಯಿ ಎಂದು ಇಟ್ಟುಕೊಳ್ಳಲಾಗಿತ್ತು. ಈ ವೆಚ್ಚವು ನೀರಿನ ಮಟ್ಟ ಕುಸಿಯುವುದರ ಮೂಲಕ ‘ನ’ ಕೊಳವೆಬಾವಿಗಳ ಮೇಲೆ ಸಮನಾಗಿ ಬೀಳುತ್ತದೆ ಎಂದುಕೊಂಡರೆ, ಪ್ರತಿ ರೈತನು ತನ್ನ ನಿರ್ಧಾರದಲ್ಲಿ ಕಾಣುವುದು ತನ್ನ ಪಾಲಿನ 120 ÷ ನ ರೂಪಾಯಿಯನ್ನು ಮಾತ್ರ. ಅವನ ಷರತ್ತು:

600 − 6ಗ = 120 ÷ ನ, ಅಂದರೆ ಗ = 100 − 20 ÷ ನ

ಬಾವಿ ಒಂದೇ ಇದ್ದರೆ ಅವನು 80 ಗಂಟೆ ನೀರೆತ್ತುತ್ತಾನೆ. ಇದು ಎಲ್ಲರಿಗೂ ಒಳಿತಾದ ಪ್ರಮಾಣವೂ ಹೌದು. 5 ಬಾವಿಗಳಿದ್ದರೆ ಪ್ರತಿಯೊಬ್ಬನೂ 96 ಗಂಟೆ, 20 ಬಾವಿಗಳಿದ್ದರೆ 99 ಗಂಟೆ ಎತ್ತುತ್ತಾನೆ. ಬಾವಿಗಳ ಸಂಖ್ಯೆ ಹೆಚ್ಚಿದಂತೆ ಅಂತರ್ಜಲವು ಬೆಲೆಯೇ ಇಲ್ಲದ ವಸ್ತುವಿನಂತೆ ಬಳಕೆಯಾಗುತ್ತದೆ. ಕೂರ್ನೊನ ಚಿಲುಮೆಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ: ಚಿಲುಮೆಗೆ ಒಡೆಯನೊಬ್ಬನಿದ್ದು ಅವನು ನೀರನ್ನು ಬೇಕೆಂದೇ ಮಿತವಾಗಿ ಮಾರುತ್ತಿದ್ದನು, ಬಿರುಕಿನ ನೀರಿಗೆ ಅಂತಹ ಒಡೆಯನಿಲ್ಲ.

### ಕಾಲದ ಆಯಾಮ

ನೀರನ್ನು ಈ ವರ್ಷ ಬಳಸಬೇಕೇ, ಮುಂದಿನ ವರ್ಷಕ್ಕೆ ಉಳಿಸಬೇಕೇ ಎಂಬುದೂ ಅನುಕೂಲತಮ ಸಮಸ್ಯೆಯೇ. ಮುಗಿದುಹೋಗುವ ಸಂಪನ್ಮೂಲಗಳ ಬಗ್ಗೆ ಹೆರಾಲ್ಡ್ ಹೊಟೆಲಿಂಗ್ 1931ರಲ್ಲಿ ನೀಡಿದ ವಿಶ್ಲೇಷಣೆಯಂತೆ, ಇಂದಿನ ಸೀಮಾಂತ ಫಲವು ಬಡ್ಡಿಯ ದರದಿಂದ ತಗ್ಗಿಸಿದ ನಾಳಿನ ಸೀಮಾಂತ ಫಲಕ್ಕೆ ಸಮನಾಗಬೇಕು. ಮಳೆ ಬಾರದ ಎರಡು ವರ್ಷಗಳಿಗೆ ಒಟ್ಟು 160 ಗಂಟೆಗಳ ನೀರು ಇದ್ದು, ಬಡ್ಡಿ ಶೇ. 10 ಆಗಿದ್ದರೆ, ಮೊದಲ ವರ್ಷ ಸುಮಾರು 81 ಗಂಟೆ, ಎರಡನೆಯ ವರ್ಷ ಸುಮಾರು 79 ಗಂಟೆ ಬಳಸುವುದು ಅನುಕೂಲತಮ. ಮೊದಲ ವರ್ಷವೇ 100 ಗಂಟೆ ಬಳಸಿದರೆ ಎರಡನೆಯ ವರ್ಷಕ್ಕೆ 60 ಗಂಟೆ ಮಾತ್ರ ಉಳಿಯುತ್ತದೆ.

ಆದರೆ ಉಳಿಸಿದ ನೀರು ಉಳಿಸಿದವನಿಗೇ ಸಿಗುತ್ತದೆ ಎಂಬ ಊಹೆ ಈ ಲೆಕ್ಕದ ಹಿಂದಿದೆ. ಹಂಚಿಕೊಂಡ ಬಿರುಕಿನಲ್ಲಿ ಒಬ್ಬನು ಬಿಟ್ಟ ನೀರು ನೆರೆಯವನ ಕೊಳವೆಬಾವಿಗೆ ಹರಿಯಬಹುದು. ಆಗ ಮುಂದಿನ ವರ್ಷದ ಫಲ ಅವನ ಲೆಕ್ಕದಿಂದಲೇ ಮಾಯವಾಗುತ್ತದೆ. ಹಲವು ವರ್ಷ ಫಲ ಕೊಡುವ ದ್ರಾಕ್ಷಿಯಂತಹ ತೋಟಗಳಿಗೆ ಇದರ ಪೆಟ್ಟು ಹೆಚ್ಚು, ಏಕೆಂದರೆ ಒಂದು ಬೇಸಿಗೆ ಬಾವಿ ಬತ್ತಿದರೆ ಹಿಂದಿನ ವರ್ಷಗಳ ಹೂಡಿಕೆಯೂ ಒಣಗುತ್ತದೆ.

ಇಂತಹ ನಷ್ಟ ನಿಜವಾಗಿ ಎಷ್ಟು ದೊಡ್ಡದು ಎಂಬ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಮಿಚಾ ಗಿಸರ್ ಮತ್ತು ಡೇವಿಡ್ ಸ್ಯಾಂಚೆಜ್ 1980ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಪೆಕೋಸ್ ಜಲಾನಯನ ಪ್ರದೇಶವನ್ನು ಕುರಿತು ಲೆಕ್ಕ ಹಾಕಿ, ಅನಿಯಂತ್ರಿತ ಬಳಕೆಗೂ ಅನುಕೂಲತಮ ನಿಯಂತ್ರಣಕ್ಕೂ ನಡುವಿನ ವ್ಯತ್ಯಾಸ ಅತ್ಯಲ್ಪವೆಂದು ತೋರಿಸಿದರು. ಆ ಫಲಿತಾಂಶವು ನೀರಿನ ದೊಡ್ಡ ಸಂಗ್ರಹವಿರುವ ಜಲಸ್ತರಕ್ಕೆ ಸಂಬಂಧಿಸಿದ್ದು. ಸಂಗ್ರಹಣಾ ಸಾಮರ್ಥ್ಯ ಕಡಿಮೆಯಿರುವ ಗಟ್ಟಿ ಶಿಲೆಯಲ್ಲಿ ಬಾವಿಗಳು ಬೇಗ ಬತ್ತುವುದರಿಂದ ಅದನ್ನು ನೇರವಾಗಿ ಅನ್ವಯಿಸಲಾಗುವುದಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿದ್ದ ಅರ್ಥಶಾಸ್ತ್ರಜ್ಞ ಎಂ. ಜಿ. ಚಂದ್ರಕಾಂತ್ ಅವರು ಕರ್ನಾಟಕದ ಗಟ್ಟಿ ಶಿಲಾ ಪ್ರದೇಶಗಳ ಅಂತರ್ಜಲವನ್ನು ಕುರಿತ ಅಧ್ಯಯನಗಳಲ್ಲಿ ವಿಫಲವಾದ ಕೊಳವೆಬಾವಿಗಳ ಖರ್ಚನ್ನೂ ವರ್ಷಗಳಿಗೆ ಹಂಚಿ ನೀರಿನ ವೆಚ್ಚದಲ್ಲಿ ಸೇರಿಸುವ ಕ್ರಮವನ್ನು ಅನುಸರಿಸಿದ್ದಾರೆ. ಈ ಕ್ರಮದಲ್ಲಿ ಉಚಿತ ವಿದ್ಯುತ್ತಿನಿಂದ ಎತ್ತಿದ ನೀರಿಗೂ ಗಣನೀಯ ವೆಚ್ಚವಿರುವುದು ಕಂಡುಬರುತ್ತದೆ.

### ಪರಿಹಾರೋಪಾಯಗಳು

ಆರ್ಥರ್ ಪಿಗೂ 1920ರಲ್ಲಿ ವಿವರಿಸಿದ ಉಪಾಯದಂತೆ, ಇತರರ ಮೇಲೆ ಬೀಳುವ ವೆಚ್ಚದಷ್ಟೇ ಶುಲ್ಕವನ್ನು ಬಳಕೆದಾರನಿಗೆ ವಿಧಿಸಿದರೆ ಎರಡೂ ಸಮೀಕರಣಗಳು ಒಂದಾಗುತ್ತವೆ. 5 ಬಾವಿಗಳ ಉದಾಹರಣೆಯಲ್ಲಿ ಈ ಶುಲ್ಕ ಗಂಟೆಗೆ 96 ರೂಪಾಯಿ. ಮೀಟರ್ ಇಲ್ಲದ ಪಂಪ್‌ಸೆಟ್‌ಗಳಿಗೆ ಇದನ್ನು ವಿಧಿಸುವುದು ಕಷ್ಟ. ಬೆಲೆಯ ಬದಲು ಪ್ರಮಾಣಕ್ಕೆ ಮಿತಿ ಹಾಕುವುದು ಇನ್ನೊಂದು ದಾರಿ. ಪಂಪ್‌ಸೆಟ್‌ಗಳಿಗೆ ದಿನದ ಕೆಲವು ಗಂಟೆ ಮಾತ್ರ ಮೂರು ಫೇಸ್ ವಿದ್ಯುತ್ ಕೊಡುವುದು ಅಂತಹ ಮಿತಿಯಂತೆ ಕೆಲಸ ಮಾಡುತ್ತದೆ. ಆದರೆ ವಿದ್ಯುತ್ ಬಂದೊಡನೆ ತಾನಾಗಿ ಚಾಲೂ ಆಗುವ ಸ್ಟಾರ್ಟರ್, ಹೆಚ್ಚು ಶಕ್ತಿಯ ಪಂಪ್, ಇನ್ನೊಂದು ಕೊಳವೆಬಾವಿ ಇವುಗಳಿಂದ ಮಿತಿಯ ಬಿಗಿ ಸಡಿಲವಾಗುತ್ತದೆ. ಕರ್ನಾಟಕದ 2011ರ ಅಂತರ್ಜಲ ಕಾಯ್ದೆಯು ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಬಾವಿ ಕೊರೆಯಲು ಅನುಮತಿ ಪಡೆಯುವುದನ್ನು ಕಡ್ಡಾಯಗೊಳಿಸಿದೆ. ಬಳಕೆದಾರರೇ ಸೇರಿ ನಿಯಮ ರೂಪಿಸಿಕೊಳ್ಳುವುದು ಮೂರನೆಯ ದಾರಿ. ದಕ್ಷಿಣ ಕ್ಯಾಲಿಫೋರ್ನಿಯಾದ ಅಂತರ್ಜಲವನ್ನು ಕುರಿತು ಸಂಶೋಧನೆ ಆರಂಭಿಸಿ 2009ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಎಲಿನೋರ್ ಆಸ್ಟ್ರಮ್, ಇಂತಹ ವ್ಯವಸ್ಥೆಗಳು ಯಾವ ಸನ್ನಿವೇಶದಲ್ಲಿ ಬಾಳುತ್ತವೆ ಎಂಬುದನ್ನು ವಿವರಿಸಿದ್ದಾರೆ.

ಬೆಂಗಳೂರಿನ ಸಂಸ್ಕರಿತ ನೀರನ್ನು ಚಿಕ್ಕಬಳ್ಳಾಪುರ ಭಾಗದ ಕೆರೆಗಳಿಗೆ ಹರಿಸುವ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯನ್ನು ದಿನಕ್ಕೆ 21 ಕೋಟಿ ಲೀಟರ್ ಸಾಮರ್ಥ್ಯಕ್ಕೆ ರೂಪಿಸಲಾಗಿದೆ. ಈ ನೀರು ಇಂಗಿ ಅಂತರ್ಜಲವನ್ನು ಹೆಚ್ಚಿಸಿದಾಗ ನಿರ್ಬಂಧ ಸಡಿಲವಾಗುತ್ತದೆ. ಅದರ ಪ್ರಯೋಜನವನ್ನು ಅಳೆಯಬೇಕಾದುದು ನೆರಳು ಬೆಲೆಯಿಂದ. ಆದರೆ ಪ್ರತಿಯೊಬ್ಬನಿಗೂ ನೀರಿನ ಸೀಮಾಂತ ವೆಚ್ಚ ಶೂನ್ಯದ ಹತ್ತಿರವೇ ಉಳಿದರೆ, ಹೊಸ ನೀರೂ ಅದರ ಕೊನೆಯ ಗಂಟೆಯ ಫಲ ಶೂನ್ಯವಾಗುವವರೆಗೆ ಬಳಕೆಯಾಗುವ ಸಂಭವವಿದೆ. ನೀರಿನ ಪೂರೈಕೆಯನ್ನು ಹೆಚ್ಚಿಸುವುದು ಮತ್ತು ಬಳಕೆಯ ಷರತ್ತನ್ನು ಸರಿಪಡಿಸುವುದು ಬೇರೆ ಬೇರೆ ಕೆಲಸಗಳು ಎಂದು ಈ ವಿಶ್ಲೇಷಣೆ ಸೂಚಿಸುತ್ತದೆ.

## ಮಿತಿಗಳು

ಅವಕಲನ ವಿಧಾನವು ಪ್ರಮಾಣಗಳನ್ನು ಅತ್ಯಲ್ಪವಾಗಿ ಬದಲಿಸಬಹುದು ಎಂದು ಊಹಿಸುತ್ತದೆ. ಅರ್ಧ ಕೊಳವೆಬಾವಿಯನ್ನು ಕೊರೆಸಲಾಗುವುದಿಲ್ಲ. ಅಂತಹ ನಿರ್ಧಾರಗಳಲ್ಲಿ ಒಟ್ಟು ಫಲವನ್ನೂ ಒಟ್ಟು ವೆಚ್ಚವನ್ನೂ ಹೋಲಿಸಬೇಕು. ಕೊರೆಸಲು 3 ಲಕ್ಷ ರೂಪಾಯಿ ತಗುಲಿ, ನೀರು ಸಿಕ್ಕರೆ 7 ಲಕ್ಷ ರೂಪಾಯಿ ಪ್ರಯೋಜನವಿದ್ದು, ಸಿಗುವ ಸಂಭವ ಅರ್ಧದಷ್ಟಿದ್ದರೆ ಸರಾಸರಿ ಲಾಭ 50 ಸಾವಿರ. ಸಂಭವ 0.4ಕ್ಕೆ ಇಳಿದರೆ ಸರಾಸರಿ ನಷ್ಟ 20 ಸಾವಿರ. ಸರಾಸರಿ ಲಾಭವಿದ್ದಾಗಲೂ ಸಾಲ ಮಾಡಿ ಕೊರೆಸುವವನಿಗೆ ಒಂದೇ ವೈಫಲ್ಯವು ಭೂಮಿಯನ್ನು ಕಳೆದುಕೊಳ್ಳುವ ಸ್ಥಿತಿಗೆ ತರಬಹುದು. ಸರಾಸರಿಯು ಅದನ್ನು ತೋರಿಸುವುದಿಲ್ಲ.

ಬಿಂಬಕಗಳ ನಿಖರ ರೂಪವು ಯಾರಿಗೂ ಮೊದಲೇ ತಿಳಿದಿರುವುದಿಲ್ಲ; ಮಳೆ, ರೋಗ ಮತ್ತು ಬೆಲೆಗಳ ಅನಿಶ್ಚಿತತೆಯಿಂದ ಅವು ಬದಲಾಗುತ್ತಲೂ ಇರುತ್ತವೆ. ಮೊದಲನೆಯ ಮತ್ತು ಎರಡನೆಯ ಷರತ್ತುಗಳು ಸಮೀಪದ ಬಿಂದುಗಳೊಡನೆ ಹೋಲಿಸಿ ಗರಿಷ್ಠವನ್ನು ಗುರುತಿಸುತ್ತವೆಯೇ ಹೊರತು, ಬೇರೆಯೇ ಬೆಳೆ ಅಥವಾ ಬೇರೆಯೇ ಉದ್ಯೋಗ ಇನ್ನೂ ಲಾಭಕರವೇ ಎಂಬುದನ್ನು ತಾವಾಗಿ ಹೇಳುವುದಿಲ್ಲ. ಅಲ್ಲದೆ, ಒಟ್ಟು ಫಲವನ್ನು ಗರಿಷ್ಠಗೊಳಿಸುವ ಹಂಚಿಕೆ ನ್ಯಾಯಯುತವೇ ಎಂಬ ಪ್ರಶ್ನೆ ಈ ಗಣಿತದ ಹೊರಗಿದೆ. ನೀರಿಗೆ ಸರಿಯಾದ ಬೆಲೆ ಎಷ್ಟೆಂದು ಅದು ತಿಳಿಸಬಲ್ಲದು. ಆ ಬೆಲೆಯನ್ನು ಆಳವಾದ ಕೊಳವೆಬಾವಿಯಿರುವವನು ತೆರಬೇಕೇ, ಬಾವಿ ಬತ್ತಿಹೋದವನಿಗೆ ಏನು ಸಿಗಬೇಕು ಎಂಬುದನ್ನು ಸಮಾಜವೇ ನಿರ್ಧರಿಸಬೇಕಾಗುತ್ತದೆ.